ಮನೆಮಾತು: ದಿನದ ವ್ಯಾಯಾಮವು ಅಂಗಸಾಧನೆಯಾದೀತೆ?

ದೀಪಾವಳಿ ಕಳೆದ ವಾರದಲ್ಲಿ ಯಳಂದೂರಿನಿಂದ ನಮಗೊಂದು ಕಾಗದ ಬಂದಿತು. ಬರೆದವರು ಈ ಪುಟಗಳನ್ನು ಬಹುಕಾಲದಿಂದ ಓದುತ್ತ ಬಂದಿರುವ ಒಬ್ಬ ಸೋದರಿ. ತಮ್ಮ ಮನೆಯಲ್ಲಿ ಹುಟ್ಟಿರುವ ಒಂದು ವ್ಯಾಜ್ಯವನ್ನು ನಾವು ತೀರಿಸಿಕೊಡಬೇಕೆಂಬುದು ಅವರ ಕೋರಿಕೆ. ಭಾವಮೈದುನರ ಮಾತಿನ ನಡುವೆ ಹೊರಗಿನವರು ತಲೆಯಿಕ್ಕುವುದು ಜಾಣತನವಲ್ಲವೆಂಬುದನ್ನು ನಾವು ಬಲ್ಲೆವು. ಆದರೆ ಇಂಥದೇ ವ್ಯಾಜ್ಯವು ಬೇರೆ ಬೇರೆ ರೂಪದಲ್ಲಿ ಅನೇಕ ಮನೆಗಳಲ್ಲಿ ನಡೆಯುತ್ತಿರುವುದರಿಂದಲೂ, ಇದರಲ್ಲಿ ಒಬ್ಬ ಗೃಹಸ್ಥರ ಕಾಲು ಎದೆಗಳ ಕ್ಷೇಮವು ಅಡಗಿರುವುದರಿಂದಲೂ ನಮಗೆ ತೋರಿದುದನ್ನು ಹೇಳಲು ಒಪ್ಪಿದ್ದೇವೆ.

ಸಂಗತಿಯು ಹೀಗಿದೆ. ಸೋದರಿಯ ಯಜಮಾನರಿಗೆ 54 ವರ್ಷ. ಪೇಟೆಯಲ್ಲಿ ಅಂಗಡಿಯ ವ್ಯಾಪಾರ. ಒಂಬತ್ತು ವರ್ಷಗಳ ಹಿಂದೆ ರಕ್ತದಲ್ಲಿ ಸಕ್ಕರೆಯು ಹೆಚ್ಚಿದೆಯೆಂದು ವೈದ್ಯರು ಎಚ್ಚರಿಸಿದ ಮೇಲೆ ಅವರು ದಿನವೂ ಬೆಳಗಿನ ಜಾವದಲ್ಲಿ ಎದ್ದು, ಬಯಲ ದಾರಿಯಲ್ಲಿ 4 ಕಿ.ಮೀ. ನಡೆದು ಬರುವುದನ್ನು ವ್ರತದಂತೆ ಹಿಡಿದಿದ್ದಾರೆ. ಮಳೆಯಲ್ಲಿ ಕೊಡೆ ಹಿಡಿದು ಹೋದುದುಂಟು. ಮಗಳ ಮದುವೆಯ ದಿನವೂ ಬಿಟ್ಟವರಲ್ಲವಂತೆ. ಕಳೆದ ಆಷಾಢದಲ್ಲಿ ಮಗನು ಜ್ವರದಿಂದ ಹನ್ನೊಂದು ದಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ಇವರು ಮಾದಪ್ಪನಿಗೆ ಹರಕೆ ಹೊತ್ತರು: ಮಗನು ಎದ್ದು ಮನೆಗೆ ಬಂದರೆ ಶಿವರಾತ್ರಿಗೆ ಕೊಳ್ಳೇಗಾಲದಿಂದ ಮಲೆ ಮಹದೇಶ್ವರ ಬೆಟ್ಟದವರೆಗೆ ಕಾಲ್ನಡಿಗೆಯಲ್ಲಿ ಬರುತ್ತೇನೆಂದು. ಮಗನು ಎದ್ದು ಬಂದನು. ಇನ್ನು ಹರಕೆ ಉಳಿದಿದೆ.

ಕೊಳ್ಳೇಗಾಲದಲ್ಲಿರುವ ಸೋದರಿಯ ತಮ್ಮನು ಹರೆಯದಲ್ಲಿ ಗರಡಿಯಲ್ಲಿ ಸಾಮು ಮಾಡಿದವನು. ಹಬ್ಬಕ್ಕೆ ಬಂದವನು ಈ ಮಾತನ್ನು ಕೇಳಿ ನಕ್ಕು, “ಭಾವ, ನಿಮ್ಮದು ಗಾಳಿ ಸೇವನೆ, ತಾಲೀಮಲ್ಲ. ತಾಳುಬೆಟ್ಟದಲ್ಲಿ ಗೊತ್ತಾಗುತ್ತದೆ” ಎಂದನಂತೆ. ಯಜಮಾನರಿಗೆ ಸಿಟ್ಟು ಬಂದು, “ಒಂಬತ್ತು ವರ್ಷದಿಂದ ನಡೆಯುವವನಿಗೆ ನಡೆಯುವುದನ್ನು ಹೇಳಿಕೊಡಲು ಬರಬೇಡ” ಎಂದು ಎಲೆಯ ಮುಂದಿನಿಂದಲೇ ಎದ್ದರಂತೆ. ಇಬ್ಬರಲ್ಲಿ ಯಾರ ಮಾತು ನಿಜ? ಹೋಗಬೇಡಿರೆಂದು ತಾನು ಹಟ ಹಿಡಿಯಬೇಕೆ? ಹೊತ್ತ ಹರಕೆಯನ್ನು ಬಿಡಿಸಿದ ಪಾಪ ತನಗೆ ಬಾರದೆ? ಇವು ಸೋದರಿಯ ಪ್ರಶ್ನೆಗಳು.

ನಮ್ಮ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ತಮ್ಮನ ಮಾತು ನಿಜ. ಅವನ ನಗೆ ತಪ್ಪು. ಯಜಮಾನರು ಮಾಡುತ್ತಿರುವುದು ಉತ್ತಮವಾದ ವ್ಯಾಯಾಮ, ಅದು ಅಂಗಸಾಧನೆಯಲ್ಲ. ಇವೆರಡೂ ಒಂದೇ ಎಂದು ತಿಳಿದುದರಿಂದ ನಾವೂ ಒಮ್ಮೆ ಪೆಟ್ಟು ತಿಂದಿದ್ದೇವೆ. ಅದನ್ನು ಹೇಳಿದರೆ ವಿಷಯವು ಸುಲಭವಾಗಿ ತಿಳಿದೀತು.

ಕೆಲವು ವರ್ಷಗಳ ಕೆಳಗೆ ನಾವು ಕೂಡ ಇದೇ ದಾರಿಯನ್ನು ನಡೆದೆವು. ನಮ್ಮದೂ ದಿನದ ನಡಿಗೆಯ ಅಭ್ಯಾಸವೇ. ಅದರ ಮೇಲೆ ನಮಗೆ ಸ್ವಲ್ಪ ಗರ್ವವೂ ಇದ್ದಿತು. ಕೊಳ್ಳೇಗಾಲದಿಂದ ಬೆಟ್ಟಕ್ಕೆ ಸುಮಾರು 80 ಕಿ.ಮೀ.; ಮೂರು ದಿನಕ್ಕೆ ಹಂಚಿದರೆ ಯಾವ ಮಹಾ ಕಾರ್ಯವೆಂದುಕೊಂಡೆವು. ಮೊದಲನೆಯ ದಿನ ಕಾಮಗೆರೆಯನ್ನು ಹಾದು ಹನೂರು ಸೇರಿದಾಗ ಸುಮಾರು 25 ಕಿ.ಮೀ. ಆಗಿದ್ದಿತು. ಹಿಂದೆ ಕೊಳ್ಳೇಗಾಲ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ಒಂದು ತಾಲ್ಲೂಕಾಗಿರುವ ಆ ಊರಿನಲ್ಲಿ ಊಟ ಮಾಡಿ ಮಲಗಿದಾಗ ಪಾದದಲ್ಲಿ ಎರಡು ಬೊಬ್ಬೆಗಳಲ್ಲದೆ ಬೇರೆ ತೊಂದರೆಯಿರಲಿಲ್ಲ. ಎರಡನೆಯ ದಿನ ಕೌದಳ್ಳಿಯನ್ನು ದಾಟುವ ಹೊತ್ತಿಗೆ ಮಾತು ಕಡಿಮೆಯಾಯಿತು. ಮೂರನೆಯ ದಿನ ತಾಳುಬೆಟ್ಟದಿಂದ ಮೇಲೇರಿದೆವು. ರಸ್ತೆಯ ಲೆಕ್ಕದಲ್ಲಿ ಅದು ಸುಮಾರು 18 ಕಿ.ಮೀ. ಉಘೇ ಎಂಬ ಕೂಗು ಹಿಂದೆಯೂ ಮುಂದೆಯೂ ಕೇಳುತ್ತಿರಲು ಹೇಗೋ ಗುಡಿಯನ್ನು ಸೇರಿದೆವು. ಅಲ್ಲಿಗೆ ನಿಲ್ಲಿಸಿದ್ದರೆ ಮಾನ ಉಳಿಯುತ್ತಿತ್ತು. ಇಳಿಯುವುದು ಹತ್ತಿದುದಕ್ಕಿಂತ ಹಗುರವೆಂಬ ಭ್ರಮೆಯಿಂದ ಮರುದಿನ ತಾಳುಬೆಟ್ಟದವರೆಗೆ ನಡೆದೇ ಇಳಿಯಲು ಹೊರಟೆವು.

ಅರ್ಧ ದಾರಿಯಲ್ಲಿ ನಮ್ಮ ಮೊಣಕಾಲುಗಳು ನಮ್ಮ ಮಾತನ್ನು ಕೇಳುವುದನ್ನು ಬಿಟ್ಟವು. ತೊಡೆಗಳು ನಡುಗುತ್ತಿದ್ದವು, ಕೆಳಗೆ ಹೆಜ್ಜೆಯಿಟ್ಟಾಗಲೆಲ್ಲ ಕಾಲು ಮಡಿಚಿಕೊಳ್ಳುತ್ತಿದ್ದಿತು. ಕಲ್ಲಿನ ಮೇಲೆ ಕುಳಿತಿದ್ದಾಗ ಹನೂರಿನ ಕಡೆಯ ಒಬ್ಬ ಅಜ್ಜಿ, ಎಪ್ಪತ್ತರ ಹತ್ತಿರದವಳು, ತಲೆಯ ಮೇಲೆ ಗಂಟು ಹೊತ್ತು ಬರಿಗಾಲಿನಲ್ಲಿ ಇಳಿದು ಬಂದಳು. ನಮ್ಮನ್ನು ನೋಡಿ, “ಯಾಕ್ ಮಗ, ಕಾಲು ಸೋತೋದ್ವಾ? ನೆಟ್ಟಗೆ ಇಳೀಬ್ಯಾಡ, ಅಡ್ಡಡ್ಡಕೆ ಇಳಿ, ಮೊಣಕಾಲು ಉಳೀತದೆ” ಎಂದು ಹೇಳಿ, ನಿಲ್ಲದೆ ಇಳಿದುಹೋದಳು. ಆಕೆ ಗಾಳಿ ಸೇವನೆಗೆಂದು ಎಂದೂ ಮನೆಯಿಂದ ಹೊರಟವಳಲ್ಲ. ನಾವು ವರ್ಷಾಂತರಗಳಿಂದ ಒಂದು ದಿನವೂ ತಪ್ಪಿಸಿದವರಲ್ಲ. ಉಳಿದ ದಾರಿಯನ್ನು ನಾವು ಒಂದು ವಾಹನದಲ್ಲಿ ಇಳಿದೆವು. ಮುಂದಿನ ನಾಲ್ಕು ದಿನ ಮನೆಯ ಹೊಸ್ತಿಲನ್ನು ದಾಟುವುದಕ್ಕೂ ಗೋಡೆಯನ್ನು ಹಿಡಿಯಬೇಕಾಯಿತು.

ಹೀಗೇಕಾಯಿತೆಂದು ಆಮೇಲೆ ವಿಚಾರಿಸಿ ತಿಳಿದುಕೊಂಡೆವು. ಶರೀರವು ಬಲು ಲೆಕ್ಕಾಚಾರದ ವ್ಯಾಪಾರಿ. ತನ್ನಿಂದ ಏನನ್ನು ಕೇಳುತ್ತಾರೋ ಅಷ್ಟನ್ನು ಮಾತ್ರ ಒದಗಿಸುತ್ತದೆ. ಕೇಳದಿರುವುದನ್ನು ದಾಸ್ತಾನು ಮಾಡುವುದಿಲ್ಲ. ಹೊಸದಾಗಿ 4 ಕಿ.ಮೀ. ನಡೆಯಲು ತೊಡಗಿದವನ ಹೃದಯ, ಶ್ವಾಸ, ಮೀನಖಂಡಗಳು ಕೆಲವು ತಿಂಗಳಲ್ಲಿ ಅದಕ್ಕೆ ತಕ್ಕಂತೆ ಬಲಗೊಳ್ಳುತ್ತವೆ. ಅನಂತರ ಅದೇ ದಾರಿಯನ್ನು ಅದೇ ವೇಗದಿಂದ ಒಂಬತ್ತು ವರ್ಷ ನಡೆದರೂ ಬಂದ ಬಲವು ನಿಲ್ಲುತ್ತದೆಯೇ ಹೊರತು ಬೆಳೆಯುವುದಿಲ್ಲ. ಯಳಂದೂರಿನ ಮಹಾಶಯರು ಈವರೆಗೆ ನಡೆದುದನ್ನು ಕೂಡಿಸಿದರೆ 13,000 ಕಿ.ಮೀ. ಮೀರುತ್ತದೆ. ಆದರೆ ಅವರ ಕಾಲುಗಳ ಕಡತದಲ್ಲಿ ಬರೆದಿರುವುದು 4 ಕಿ.ಮೀ. ಎಂದೇ.

ಇಳಿಜಾರಿನ ವಿಷಯವು ಇನ್ನೂ ವಿಶೇಷವಾದುದು. ಏರುವಾಗ ತೊಡೆಯ ಮುಂಭಾಗದ ಸ್ನಾಯುವು ಕುಗ್ಗುತ್ತ ಮೈಯನ್ನು ಮೇಲಕ್ಕೆತ್ತುತ್ತದೆ. ಇಳಿಯುವಾಗ ಅದೇ ಸ್ನಾಯುವು ಭಾರವನ್ನು ತಡೆಯುತ್ತ ಹಿಗ್ಗಬೇಕು. ಬಾವಿಗೆ ಕೊಡವನ್ನು ಇಳಿಬಿಡುವಾಗ ಹಗ್ಗವನ್ನು ಬಿಗಿಹಿಡಿದೇ ಸಡಿಲಿಸುವ ಕೈಯಂತೆ. ಇದರಲ್ಲಿ ಉಸಿರು ಕಟ್ಟುವುದಿಲ್ಲವಾದುದರಿಂದ ಶ್ರಮವು ತೋರುವುದಿಲ್ಲ. ಆದರೆ ಸ್ನಾಯುವಿನ ಸೂಕ್ಷ್ಮವಾದ ಎಳೆಗಳಿಗೆ ಪೆಟ್ಟು ಬೀಳುವುದು ಹೆಚ್ಚಾಗಿ ಇದರಿಂದಲೇ. ನೋವು ಅಂದೇ ತಿಳಿಯದೆ ಒಂದೆರಡು ದಿನಗಳ ಮೇಲೆ ಕಾಣಿಸಿಕೊಳ್ಳುತ್ತದೆ. ಸಂತೋಷದ ಮಾತೇನೆಂದರೆ, ಒಮ್ಮೆ ಮಿತವಾಗಿ ಇಳಿಜಾರಿನ ಅಭ್ಯಾಸವಾದರೆ ಆ ಸ್ನಾಯುವು ಅದನ್ನು ವಾರಗಟ್ಟಲೆ ಮರೆಯುವುದಿಲ್ಲ. ಎರಡನೆಯ ಸಲ ಅಷ್ಟೇ ಇಳಿದರೂ ನೋವು ಬಹಳ ಕಡಿಮೆ. ಸೌದೆ ಹೊತ್ತು ಗುಡ್ಡವನ್ನು ಹತ್ತಿ ಇಳಿದು ಬಾಳಿದ ಆ ಅಜ್ಜಿಯ ತೊಡೆಗಳು ಈ ಪಾಠವನ್ನು ಐವತ್ತು ವರ್ಷ ಓದಿದ್ದವು. ನಮ್ಮವು ಸಮನೆಲದ ಪಾಠವನ್ನು ಬಿಟ್ಟು ಬೇರೊಂದನ್ನು ಓದಿರಲಿಲ್ಲ.

ಸಾಧನೆಯೆಂದ ಮೇಲೆ ಸಾಧಿಸಬೇಕಾದುದೊಂದು ಇರಬೇಕಷ್ಟೆ. ತಾಲೀಮೆಂಬ ಮಾತೂ ಕಲಿಸುವುದೆಂಬ ಅರ್ಥದ ಅರಬ್ಬೀ ಶಬ್ದದಿಂದ ಬಂದುದು. ಶರೀರಕ್ಕೆ ಇನ್ನೂ ಬಾರದಿರುವುದನ್ನು ಕಲಿಸಿದರೆ ಅದು ತಾಲೀಮು, ಬಂದಿರುವುದನ್ನು ಮತ್ತೆ ಮತ್ತೆ ಮಾಡಿಸಿದರೆ ಅದು ವ್ಯಾಯಾಮ. ನಮ್ಮ ಸೀಮೆಯ ಬೀಸು ಕಂಸಾಳೆಯನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಎಡಗೈಯಲ್ಲಿ ಬಟ್ಟಲಿನಂಥ ತಾಳ, ಬಲಗೈಯಲ್ಲಿ ದಾರ ಕಟ್ಟಿದ ತಟ್ಟೆಯಂಥ ತಾಳ; ದೇವರಗುಡ್ಡರು ಅದನ್ನು ಬೀಸುತ್ತ, ಬಾಗುತ್ತ, ನೆಲಕ್ಕೊರಗುತ್ತ ಕುಣಿಯುವಾಗ ತಾಳವು ತಪ್ಪುವುದಿಲ್ಲ, ಪಕ್ಕದವನ ಕಿವಿಗೆ ತಾಗುವುದೂ ಇಲ್ಲ. ಆ ವೇಗವು ಮೊದಲ ದಿನವೇ ಯಾರಿಗೂ ಬರಲಾರದು. ನಿಂತು ತಾಳ ಹಿಡಿದವನೇ ಮುಂದೆ ಬೀಸಬಲ್ಲನು. ನಿಧಾನವಾಗಿ ಬೀಸಿದವನೇ ಬಾಗಿ ಬೀಸಬಲ್ಲನು. ಇನ್ನು ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯ ದಿನ ನಡೆಯುವ ವಜ್ರಮುಷ್ಟಿ ಕಾಳಗಕ್ಕೆ ನಮ್ಮ ಚಾಮರಾಜನಗರದಿಂದಲೂ ಜೆಟ್ಟಿಗಳು ಹೋಗುವ ಪದ್ಧತಿಯುಂಟು. ಮೊದಲ ರಕ್ತದ ಹನಿ ಕಂಡೊಡನೆ ಮುಗಿಯುವ ಆ ಕೆಲವು ಕ್ಷಣಗಳಿಗಾಗಿ ಅವರು ಮಾಡುವ ಸಾಮು ಎಷ್ಟೋ ದಿನಗಳದು. ಅವರಿಗೆ ತಿಥಿಯೊಂದು ಗೊತ್ತಾಗಿದೆ. ಅದಕ್ಕಾಗಿ ಉಳಿದ ದಿನಗಳೆಲ್ಲ ಒಂದು ಕ್ರಮಕ್ಕೆ ಬರುತ್ತವೆ.

ಕ್ರಮವೆಂಬುದನ್ನು ಬಲ್ಲವರು ನಮ್ಮ ನಾಡಿನಲ್ಲಿ ಹಿಂದೆಯೇ ಇದ್ದರು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1933ರಿಂದ ಯೋಗಶಾಲೆಯನ್ನು ನಡೆಸಿದ ಟಿ. ಕೃಷ್ಣಮಾಚಾರ್ಯರು 1934ರಲ್ಲಿ ಕನ್ನಡದಲ್ಲಿಯೇ ‘ಯೋಗಮಕರಂದ’ವನ್ನು ಪ್ರಕಟಿಸಿದರು, ಒಂದು ಆಸನದಿಂದ ಇನ್ನೊಂದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕೆಂಬುದು ಅವರ ಪದ್ಧತಿ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿದ ಕೆ. ವಿ. ಅಯ್ಯರ್ ಅವರನ್ನು ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳಿಂದ ನಮ್ಮ ವಾಚಕರು ಬಲ್ಲರು. ಅವರು ಅಂಚೆಯ ಮೂಲಕ ಮನೆಯಲ್ಲಿದ್ದವರಿಗೂ ಅಂಗಸಾಧನೆಯ ಪಾಠಗಳನ್ನು ಕಳುಹಿಸುತ್ತಿದ್ದರು. ಅಮೆರಿಕದ ಸೈನ್ಯದ ವೈದ್ಯರಾದ ಥಾಮಸ್ ಡೆಲೋರ್ಮ್ ಎಂಬವರು, ಮೊಣಕಾಲಿಗೆ ಪೆಟ್ಟಾಗಿ ತೊಡೆಯು ಸೊರಗಿದ್ದ ಸೈನಿಕರಿಗೆ ಭಾರವನ್ನು ವಾರವಾರವೂ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತ ಕಾಲಿನಿಂದ ಎತ್ತಿಸಿ, ಅದರಿಂದ ಬಲವು ಮರಳಿತೆಂಬುದನ್ನು 1945ರಲ್ಲಿ ಪ್ರಕಟಿಸಿದರು. ಹೆಚ್ಚಿಸುವುದು, ನಡುವೆ ವಿಶ್ರಾಂತಿ ಕೊಡುವುದು, ಮತ್ತೆ ಹೆಚ್ಚಿಸುವುದು. ಬಲವು ಬೆಳೆಯುವುದು ದುಡಿಸಿದ ಹೊತ್ತಿನಲ್ಲಿಯಲ್ಲ, ದುಡಿಸಿದ ಮೇಲೆ ಮಲಗಿದ ರಾತ್ರಿಯಲ್ಲಿ. ದಿನವೂ ಬಿಡದೆ ಮೈಮುರಿಯುವವರು ಇದನ್ನು ಮರೆಯುತ್ತಾರೆ.

ಇಷ್ಟನ್ನು ಓದಿ ಕೊಳ್ಳೇಗಾಲದ ತಮ್ಮನು ಹಿಗ್ಗಬಾರದು. ಅವನ ವಿಷಯದಲ್ಲಿ ಸೋದರಿಯು ಬರೆದಿರುವ ಒಂದು ಸಾಲು ನಮ್ಮ ಕಣ್ಣನ್ನು ತಪ್ಪಿಸಲಿಲ್ಲ: ಗರಡಿಯನ್ನು ಬಿಟ್ಟು ಇಪ್ಪತ್ತು ವರ್ಷವಾಯಿತು, ಈಗ ತನ್ನೂರಿನ ಮರಡಿಗುಡ್ಡವನ್ನು ಏರುವುದಕ್ಕೂ ಎರಡು ಕಡೆ ನಿಲ್ಲುತ್ತಾನೆ. ತಾಲೀಮಿನ ಬಲವು ಬ್ಯಾಂಕಿನಲ್ಲಿಟ್ಟ ಹಣದಂತೆ ತಾನಾಗಿ ಬಡ್ಡಿ ತರುವುದಿಲ್ಲ. ಬಿಟ್ಟ ಕೆಲವು ವಾರಗಳಲ್ಲಿಯೇ ಕರಗತೊಡಗುತ್ತದೆ. ಒಂದು ಕಾಲಕ್ಕೆ ದಂಡ ಬಸ್ಕಿಗಳನ್ನು ಎಣಿಸದೆ ಹೊಡೆದವನ ಎದೆಗಿಂತ, ಒಂಬತ್ತು ವರ್ಷ ಎಡೆಬಿಡದೆ 4 ಕಿ.ಮೀ. ನಡೆದವರ ಎದೆಯು ಇಂದು ಹೆಚ್ಚು ನೆಮ್ಮದಿಯಾಗಿರುವ ಸಂಭವವಿದೆ.

ಅದು ಬರಿಯ ಸಮಾಧಾನದ ಮಾತಲ್ಲ. ಲಂಡನ್ ನಗರದ ಎರಡು ಅಂತಸ್ತಿನ ಬಸ್ಸುಗಳಲ್ಲಿ ಕುಳಿತು ಗಾಡಿ ನಡೆಸುವ ಚಾಲಕರನ್ನೂ, ದಿನವೆಲ್ಲ ಮೆಟ್ಟಿಲು ಹತ್ತಿ ಇಳಿದು ಚೀಟಿ ಕೊಡುವ ನಿರ್ವಾಹಕರನ್ನೂ ಹೋಲಿಸಿ ನೋಡಿದ ಜೆರೆಮಿ ಮಾರಿಸ್ ಮತ್ತು ಅವರ ಸಂಗಡಿಗರು, ನಿರ್ವಾಹಕರಲ್ಲಿ ಹೃದ್ರೋಗವು ಕಡಿಮೆಯೆಂದು 1953ರಲ್ಲಿ ತೋರಿಸಿದರು. ಆ ನಿರ್ವಾಹಕರಿಗೆ ಗುರುವಿರಲಿಲ್ಲ, ಗುರಿಯಿರಲಿಲ್ಲ. ದಿನವೂ ಅದೇ ಮೆಟ್ಟಿಲು. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೊರಡಿಸಿದ ಸೂಚನೆಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವೂ, ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ಕೆಲಸವೂ ಬೇಕು. ಯಳಂದೂರಿನ ಮಹಾಶಯರ ನಡಿಗೆಯು ಮೊದಲನೆಯದನ್ನು ಸಲ್ಲಿಸುತ್ತಿದೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಆಗಲಿಲ್ಲವಲ್ಲಾ ಎಂದು ಅವರು ಕೊರಗಬೇಕಾಗಿಯೂ ಇಲ್ಲ. ಆ ಸಂಖ್ಯೆಯು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆಯೆಣಿಕೆಯ ಯಂತ್ರದ ಹೆಸರಿನಿಂದ ಹಬ್ಬಿದುದು, ವೈದ್ಯಶಾಸ್ತ್ರದಿಂದಲ್ಲ. ಅವರಿಗೆ ಹರಕೆಯಿಲ್ಲದಿದ್ದರೆ, ಈಗ ಮಾಡುತ್ತಿರುವುದರ ಜೊತೆಗೆ ವಾರಕ್ಕೆರಡು ಸಲ ನಾಲ್ಕು ಬಸ್ಕಿ ಹೊಡೆಯಿರೆಂದಷ್ಟೇ ಹೇಳಿ ನಾವು ಲೇಖನಿಯನ್ನು ಕೆಳಗಿಡುತ್ತಿದ್ದೆವು.

ಆದರೆ ಹರಕೆಯಿದೆ, ತಿಥಿಯೂ ಗೊತ್ತಿದೆ. ದೀಪಾವಳಿಯ ಅಮಾವಾಸ್ಯೆಯಿಂದ ಶಿವರಾತ್ರಿಗೆ ಸುಮಾರು ಹದಿನಾರು ವಾರ. ವ್ಯಾಯಾಮವನ್ನು ಅಂಗಸಾಧನೆಯಾಗಿ ಮಾಡಿಕೊಳ್ಳಲು ಇಷ್ಟು ಕಾಲವು ಧಾರಾಳವಾಗಿ ಸಾಕು.

ಮೊದಲು ವೈದ್ಯರನ್ನು ಕಾಣಬೇಕು. ಐವತ್ತು ದಾಟಿ, ಸಕ್ಕರೆಯ ರೋಗವೂ ಇರುವವರು ಹೊಸ ಶ್ರಮವನ್ನು ಹೊರುವ ಮುನ್ನ ಹೃದಯವನ್ನು ಪರೀಕ್ಷೆ ಮಾಡಿಸುವುದು ಅಂಜುಬುರುಕತನವಲ್ಲ. ಪಾದಗಳಲ್ಲಿ ಸ್ಪರ್ಶಜ್ಞಾನವು ಸರಿಯಾಗಿದೆಯೆ ಎಂಬುದನ್ನೂ ನೋಡಿಸಬೇಕು. ಸಕ್ಕರೆಯ ರೋಗಿಗೆ ಬೊಬ್ಬೆ ಎದ್ದುದೇ ತಿಳಿಯದೆ ಅದು ಹುಣ್ಣಾಗುವುದುಂಟು. ಆದಕಾರಣ ಬರಿಗಾಲಿನ ಹರಕೆಯಾಗಿದ್ದರೆ ಮಾದಪ್ಪನಲ್ಲಿ ಕ್ಷಮೆ ಬೇಡಿ ಮೆಟ್ಟು ಹಾಕಿಕೊಳ್ಳಿರೆಂದೇ ನಾವು ಹೇಳುವೆವು. ಔಷಧದ ಹೊತ್ತು, ದಾರಿಯಲ್ಲಿ ತಿನ್ನತಕ್ಕ ಆಹಾರ ಇವನ್ನೂ ಅಲ್ಲಿಯೇ ಕೇಳಿ ಬರೆದುಕೊಳ್ಳುವುದು. ನಡೆಯುವಾಗ ಎದೆ ಹಿಡಿದಂತಾದರೆ, ಕಣ್ಣು ಕತ್ತಲಿಟ್ಟರೆ ಅಲ್ಲಿಗೆ ನಿಲ್ಲಿಸಿ ಮತ್ತೆ ವೈದ್ಯರ ಬಳಿಗೆ ಹೋಗತಕ್ಕದ್ದು.

ಆಮೇಲೆ ದಿನದ 4 ಕಿ.ಮೀ. ಇದ್ದಂತೆಯೇ ಇರಲಿ, ವಾರದಲ್ಲಿ ಒಂದು ದಿನ ಅದನ್ನೂ ಬಿಟ್ಟು ಪೂರ್ಣ ವಿಶ್ರಾಂತಿ. (ಮದುವೆಯ ದಿನವೂ ಬಿಡದವರಿಗೆ ಇದೇ ಎಲ್ಲಕ್ಕಿಂತ ಕಷ್ಟವಾದೀತೆಂದು ನಮಗೆ ಗೊತ್ತು.) ಭಾನುವಾರದ ನಡಿಗೆಯೊಂದನ್ನು ಮಾತ್ರ ಬೆಳೆಸಬೇಕು. ಮೊದಲ ಭಾನುವಾರ 6 ಕಿ.ಮೀ., ಅನಂತರ 8, ಅನಂತರ 10. ನಾಲ್ಕನೆಯ ವಾರ ಇಳಿಸಿ 7. ಹೀಗೆ ಮೂರು ವಾರ ಏರಿಸಿ ಒಂದು ವಾರ ಇಳಿಸುತ್ತ ಹೋದರೆ ಸಂಕ್ರಾಂತಿಯ ಸುಮಾರಿಗೆ 16, 18 ಕಿ.ಮೀ. ಮುಟ್ಟಬಹುದು. ಹದಿನಾಲ್ಕನೆಯ ವಾರದಲ್ಲಿ ಶನಿವಾರ 22, ಮರುದಿನವೇ 12 ನಡೆದು ನೋಡತಕ್ಕದ್ದು. ಸೋತ ಕಾಲಿನ ಮೇಲೆ ಮರುದಿನ ಎದ್ದು ಹೊರಡುವುದು ಯಾತ್ರೆಯ ಮುಖ್ಯವಾದ ಕಷ್ಟ. ಕೊನೆಯ ಎರಡು ವಾರ ಪುನಃ ಕಡಿಮೆ. ಆ ದಿನಗಳಲ್ಲಿ ಭಯದಿಂದ ಹೆಚ್ಚಾಗಿ ನಡೆದು ಸೋತ ಕಾಲಿನಿಂದ ಹೊರಡುವವರು ಬಹಳ ಮಂದಿ.

ಏರು ಇಳಿವುಗಳಿಗೆ ಯಳಂದೂರಿನ ಬಯಲಿನಲ್ಲಿ ಎಡೆಯಿಲ್ಲ. ಬಿಳಿಗಿರಿರಂಗನ ಬೆಟ್ಟವು ಕಣ್ಣೆದುರಿಗೇ ಇದ್ದರೂ ಆ ಕಾಡಿನ ರಸ್ತೆಯು 2011ರಿಂದ ಹುಲಿಯ ರಕ್ಷಿತಾರಣ್ಯಕ್ಕೆ ಸೇರಿರುವುದರಿಂದ ಅಲ್ಲಿ ನಡೆದು ಅಭ್ಯಾಸ ಮಾಡತಕ್ಕದ್ದಲ್ಲ. ಬಸ್ಸಿನಲ್ಲಿ ಹೋಗಿ ಗುಡಿಯ ಮೆಟ್ಟಿಲುಗಳನ್ನು ಹತ್ತಿ ಇಳಿಯಬಹುದು. ಇಲ್ಲವೆ ಹದಿನೈದು ದಿನಕ್ಕೊಮ್ಮೆ ಕೊಳ್ಳೇಗಾಲಕ್ಕೆ ಹೋಗಿ ಮರಡಿಗುಡ್ಡವನ್ನು ಮೊದಲು ಒಂದು ಸಲ, ಬರುಬರುತ್ತ ನಾಲ್ಕು ಸಲ ಏರಿ ಇಳಿಯಲಿ. ಇಳಿಯುವುದನ್ನು ನಿಧಾನವಾಗಿ, ಅಜ್ಜಿ ಹೇಳಿದಂತೆ ಅಡ್ಡಡ್ಡಕ್ಕೆ ಮಾಡಲಿ. ಅಲ್ಲಿಗೆ ತಮ್ಮನನ್ನು ಜೊತೆಗೆ ಕರೆದುಕೊಂಡು ಹೋಗಬೇಕೆಂಬುದು ನಮ್ಮ ವಿಶೇಷ ಸಲಹೆ. ಬಸ್ಕಿಯನ್ನು ಸರಿಯಾಗಿ ಹೇಗೆ ಹೊಡೆಯಬೇಕೆಂದು ಅವನು ಭಾವನಿಗೆ ತೋರಿಸಲಿ; ಎರಡು ಕಡೆ ನಿಲ್ಲದೆ ಹೇಗೆ ಏರಬೇಕೆಂದು ಭಾವನು ಅವನಿಗೆ ತೋರಿಸಲಿ.

ಯಾತ್ರೆಯನ್ನು ಮೂರು ದಿನದ ಬದಲು ನಾಲ್ಕು ದಿನಕ್ಕೆ ಹಂಚಿಕೊಂಡು, ಹನೂರಿನಲ್ಲಿಯೂ ಕೌದಳ್ಳಿಯಲ್ಲಿಯೂ ತಾಳುಬೆಟ್ಟದಲ್ಲಿಯೂ ತಂಗುವುದು ಮೇಲು. ಅಲ್ಲಿಂದ ಮುಂದಿನದು ಆನೆ ಚಿರತೆಗಳಿರುವ ವನ್ಯಧಾಮದ ದಾರಿ. ಕಾಲ್ನಡಿಗೆಯವರನ್ನು ಯಾವ ಹೊತ್ತಿನಲ್ಲಿ ಬಿಡುತ್ತಾರೆ, ಬಿಡುತ್ತಾರೆಯೋ ಇಲ್ಲವೋ ಎಂಬುದನ್ನು ಹೊರಡುವ ಮೊದಲೇ ವಿಚಾರಿಸಿಕೊಂಡು, ಹಗಲಿನಲ್ಲಿ ಗುಂಪಿನೊಡನೆಯೇ ಹೋಗಬೇಕು. ಹರಕೆಯು ಏರುವುದಕ್ಕೆ ಮಾತ್ರ; ಇಳಿಯುವಾಗ ಬಸ್ಸು ಹತ್ತಲು ಮಹಾಶಯರು ಸಂಕೋಚಪಡಬಾರದು.

ಸೋದರಿಯು ಕಾಗದದ ಅಂಚಿನಲ್ಲಿ, ಬರೆಯಲೋ ಬೇಡವೋ ಎಂಬ ಸಣ್ಣ ಅಕ್ಷರದಲ್ಲಿ ಇನ್ನೊಂದು ಪ್ರಶ್ನೆಯನ್ನು ಹಾಕಿದ್ದಾರೆ: “ನಾನೂ ಹೋಗಬಹುದೆ? ಮನೆಗೆಲಸ ಬಿಟ್ಟರೆ ನನಗೆ ಬೇರೆ ವ್ಯಾಯಾಮವಿಲ್ಲ.” ಮನೆಗೆಲಸವೂ ಶ್ರಮವೇ, ಮೇಲೆ ಹೇಳಿದ ಸಂಸ್ಥೆಯ ಸೂಚನೆಯಲ್ಲಿಯೂ ಅದಕ್ಕೆ ಸ್ಥಾನವಿದೆ. ಆದರೆ ನಮ್ಮ ತಾಯಂದಿರ ಕಾಲದ ಬೀಸುವ ಕಲ್ಲು, ಒನಕೆ, ಬಾವಿಯ ಹಗ್ಗಗಳು ಹೋಗಿ ಮಿಕ್ಸಿಯೂ ನಲ್ಲಿಯೂ ಬಂದಿರುವ ಈಗಿನ ಮನೆಗೆಲಸವು ಬೇಸರವನ್ನು ಕಡಿಮೆ ಮಾಡದಿದ್ದರೂ ತೋಳಿನ ಬಲವನ್ನು ಕಡಿಮೆ ಮಾಡಿದೆ. ದಿನವೆಲ್ಲ ನಿಂತು ಸೋತ ಕಾಲನ್ನು ನಡೆದು ಪಳಗಿದ ಕಾಲೆಂದು ಎಣಿಸಬಾರದು. ಹದಿನಾರು ವಾರ ಮುಂದಿದೆಯಲ್ಲ. ಇವರು ಮೊದಲ ತಿಂಗಳು 2 ಕಿ.ಮೀ.ಯಿಂದ ಪ್ರಾರಂಭಿಸಿ, ಸಂಕ್ರಾಂತಿಯ ಹೊತ್ತಿಗೆ ಎಷ್ಟು ದೂರಕ್ಕೆ ಮುಟ್ಟಿದರೋ ಅದರ ಮೇಲೆ ನಿರ್ಧರಿಸಲಿ, 80 ಕಿ.ಮೀ. ಆಗದಿದ್ದರೆ ತಾಳುಬೆಟ್ಟದವರೆಗೆ ಬಸ್ಸಿನಲ್ಲಿ ಬಂದು, ಅಲ್ಲಿಂದ ಯಜಮಾನರ ಜೊತೆಗೂಡಲಿ. ಬೆಳಗಿನ ಆ ಒಂದು ಗಂಟೆ ಮನೆಯ ಒಲೆಯನ್ನು ಯಾರು ನೋಡಿಕೊಳ್ಳಬೇಕೆಂಬುದನ್ನು, ಆಸ್ಪತ್ರೆಯಿಂದ ಎದ್ದು ಬಂದಿರುವ ಮಗನನ್ನೇ ಕೇಳಬಹುದು.

ಮೆಟ್ಟಿನ ವಿಷಯವೊಂದು ಉಳಿಯಿತು. ಬಿಳಿಗಿರಿರಂಗನಿಗೆ ಭಕ್ತರು ದೊಡ್ಡ ದೊಡ್ಡ ಚರ್ಮದ ಮೆಟ್ಟುಗಳನ್ನು ಒಪ್ಪಿಸುತ್ತಾರೆ. ಕಾಡಿನಲ್ಲಿ ಸಂಚರಿಸಿ ಆತನು ಅವನ್ನು ಸವೆಸುತ್ತಾನೆಂದು ಜನರ ನಂಬಿಕೆ. ದೇವರ ಮೆಟ್ಟು ಹೊಸದಾಗಿದ್ದರೂ ಕಚ್ಚಲಾರದು. ಮನುಷ್ಯರದು ಕಚ್ಚುತ್ತದೆ. ಗಂಡಹೆಂಡಿರಿಬ್ಬರೂ ಯಾತ್ರೆಗೆಂದು ಕೊಳ್ಳುವ ಮೆಟ್ಟನ್ನು ಈ ತಿಂಗಳೇ ಕೊಂಡು, ಭಾನುವಾರದ ನಡಿಗೆಗಳಲ್ಲಿ ಹಾಕಿ ಪಳಗಿಸಲಿ. ಮರಡಿಗುಡ್ಡದ ಮೊದಲ ಇಳಿತವಾದ ಎರಡು ದಿನಗಳ ಮೇಲೆ ತೊಡೆಗಳ ಸ್ಥಿತಿಯೇನೆಂದು ನಮಗೆ ಒಂದು ಸಾಲು ಬರೆಯಬೇಕು. ತಮ್ಮನವೂ ಸೇರಿ.